ಸಹಾಯ ಬೇಕು: ‘ಕರ್ಸ್ ಆಫ್ ದ ಕ್ರಿಮ್ಸನ್ ಆಲ್ಟರ್’ ಚಿತ್ರದ ಒಳ್ಳೆಯ ಪ್ರತಿ

ಎಲ್ಲರಿಗೂ ನಮಸ್ಕಾರ. ಉಡುಪಿಯಲ್ಲಿ ನಾವು ಕೆಲವು ಗೆಳೆಯರು ಹಳೆಯ ಭಯಾನಕ ಚಿತ್ರಗಳನ್ನು ಒಟ್ಟಿಗೆ ಕುಳಿತು ನೋಡಿ ಚರ್ಚಿಸುತ್ತೇವೆ. ಮುಂದಿನ ಸಲಕ್ಕೆ, ಮಾಟಮಂತ್ರವನ್ನು ಕಥಾವಸ್ತುವಾಗಿ ಉಳ್ಳ, ವರ್ನನ್ ಸೀವೆಲ್ ನಿರ್ದೇಶನದ 1968ರ ಈ ಬ್ರಿಟಿಷ್ ಚಿತ್ರವನ್ನು ಆರಿಸಿಕೊಂಡಿದ್ದೇವೆ.

ಭಯಾನಕ ಚಿತ್ರಗಳ ಹೆಸರಾಂತ ಕಲಾವಿದರಾದ ಬೋರಿಸ್ ಕಾರ್ಲಾಫ್, ಕ್ರಿಸ್ಟೋಫರ್ ಲೀ, ಬಾರ್ಬರಾ ಸ್ಟೀಲ್ ಮೂವರೂ ಇದ್ದರೂ ಚಿತ್ರ ನೀರಸವಾಗಿದೆ ಎಂಬುದನ್ನು ಒಪ್ಪಲೇಬೇಕು. ಕಾಣೆಯಾದ ಸಹೋದರನನ್ನು ಹುಡುಕಿಕೊಂಡು ಹಳ್ಳಿಯ ಬಂಗಲೆಗೆ ಬರುವ ನಾಯಕ ಹೆಚ್ಚಿನ ಹೊತ್ತನ್ನು ಮಾತುಕತೆಯಲ್ಲೇ ಕಳೆಯುತ್ತಾನೆ. ಆದರೆ ಮುಖಕ್ಕೆ ಹಸಿರು ಬಳಿದು, ಕೊಂಬುಗಳ ಕಿರೀಟ ಧರಿಸಿದ ಮಾಟಗಾತಿ ಲವೀನಿಯಾ ಅವನ ಕನಸಿನಲ್ಲಿ ಕಾಣಿಸಿಕೊಂಡು, ಪುಸ್ತಕದಲ್ಲಿ ಸಹಿ ಹಾಕುವಂತೆ ಅವನನ್ನು ಒತ್ತಾಯಿಸುವ ದೃಶ್ಯಗಳಿಗಾಗಿಯಾದರೂ ಇದನ್ನು ನೋಡಬೇಕು. ಯಕ್ಷಗಾನದ ಬಣ್ಣದ ವೇಷಗಳನ್ನು ನೋಡುತ್ತ ಬೆಳೆದ ನಮಗೆ ಆ ಮುಖವರ್ಣಿಕೆಯೇ ಚಿತ್ರದ ಜೀವಾಳವೆನಿಸುತ್ತದೆ.

ನಮ್ಮಲ್ಲಿರುವ ಪ್ರತಿಯಲ್ಲಿ ಆ ಹಸಿರೆಲ್ಲ ಕಪ್ಪಾಗಿಯೇ ಕಾಣುತ್ತಿದೆ. ಬಣ್ಣವೇ ಇಲ್ಲದಿದ್ದರೆ ಚರ್ಚಿಸಲು ಉಳಿಯುವುದು ಬಹಳ ಕಡಿಮೆ. ಮಂಗಳೂರು, ಉಡುಪಿ ಅಥವಾ ಮಣಿಪಾಲದಲ್ಲಿ ಯಾರಲ್ಲಾದರೂ ಇದರ ಅಸಲಿ ಡಿವಿಡಿ ಅಥವಾ ಬ್ಲೂ-ರೇ ಇದ್ದರೆ ದಯವಿಟ್ಟು ತಿಳಿಸಿ. ಅಮೆರಿಕದಲ್ಲಿ ‘ದ ಕ್ರಿಮ್ಸನ್ ಕಲ್ಟ್’ ಎಂಬ ಹೆಸರಿನಲ್ಲಿ ಬಿಡುಗಡೆಯಾದ ಪ್ರತಿಯಾದರೂ ಆಗಬಹುದು. ನಾವೇ ಬಂದು ಪಡೆದುಕೊಂಡು, ಪ್ರದರ್ಶನದ ಮರುದಿನವೇ ಜೋಪಾನವಾಗಿ ಮರಳಿಸುತ್ತೇವೆ.