ಇಸಿಸಿ83 ವಾಲ್ವ್‌: ಗಾಜಿನ ಮೇಲೆ ಮುಲ್ಲಾರ್ಡ್ ಎಂದಿದ್ದರೆ ನಂಬಬಹುದೇ?

ಪ್ರಶ್ನೆ (ಫೋನೊಪ್ರಿಯ, ಮೈಸೂರು)

ಎಲ್ಲರಿಗೂ ನಮಸ್ಕಾರ. ಮುಚ್ಚಿಹೋದ ರೇಡಿಯೊ ರಿಪೇರಿ ಅಂಗಡಿಯೊಂದರ ಸಾಮಾನುಗಳನ್ನು ಮಾರುತ್ತಿರುವವರು ನನಗೆ ಒಂದು ಪೆಟ್ಟಿಗೆ ಹಳೆಯ ವಾಲ್ವ್‌ಗಳನ್ನು (ಟ್ರಾನ್ಸಿಸ್ಟರ್‌ಗಿಂತ ಮುಂಚಿನ ಗಾಜಿನ ನಿರ್ವಾತ ಕೊಳವೆಗಳನ್ನು) ತೋರಿಸಿದ್ದಾರೆ. ಬ್ರಿಟನ್ನಿನ ಮುಲ್ಲಾರ್ಡ್ ಕಂಪನಿಯ ಹೆಸರಿನ ನಾಲ್ಕು ಇಸಿಸಿ83 (ಒಂದೇ ಗಾಜಿನೊಳಗೆ ಎರಡು ವರ್ಧಕ ಅರ್ಧಗಳಿರುವ ವಾಲ್ವ್), ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಹೆಸರಿನ ಎರಡು ಇಸಿಸಿ83, ಜೊತೆಗೆ ಇಎಫ್89, ಇಸಿಎಚ್81 ಮತ್ತು ಯುಸಿಎಲ್82 ಅದರಲ್ಲಿವೆ. ಮುಲ್ಲಾರ್ಡ್‌ಗಳು ಅಪರೂಪದವೆಂದು ಹೇಳಿ ದುಬಾರಿ ಬೆಲೆ ಕೇಳುತ್ತಿದ್ದಾರೆ. ಅವುಗಳಲ್ಲಿ ಒಂದರ ಗಾಜಿನ ಬುಡದಲ್ಲಿ ಸಣ್ಣ ಬೂದು ಅಕ್ಷರಗಳಲ್ಲಿ ‘ಐ63’ ಎಂದೂ ಅದರ ಕೆಳಗೆ ‘ಬಿ4ಕೆ2’ ಎಂದೂ ಇದೆ. ಉಳಿದ ಮೂರರಲ್ಲಿ ಅಂಥ ಗುರುತು ಕಾಣಿಸಲಿಲ್ಲ. ಆ ಮೂರರಲ್ಲೇ ಒಂದರ ನೆತ್ತಿ ಬೆಳ್ಳಿಯ ಬಣ್ಣ ಕಳೆದುಕೊಂಡು ಹಾಲುಬಿಳುಪಾಗಿದೆ. ನನ್ನ ಫೋನೊ ಪ್ರಿಆಂಪ್‌ಗೆ (ರೆಕಾರ್ಡ್ ಪ್ಲೇಯರ್‌ನ ಸಣ್ಣ ಸಿಗ್ನಲನ್ನು ಹಿಗ್ಗಿಸುವ ಸಾಧನಕ್ಕೆ) ಎರಡು ವಾಲ್ವ್ ಬೇಕು. ಯಾವುದನ್ನು ಆರಿಸಲಿ, ಬೆಲೆ ಹೇಗೆ ಕಟ್ಟಲಿ?

ಉತ್ತರ (ಹಳೆರೇಡಿಯೊ)

ಹಾಲುಬಿಳುಪಿನದನ್ನು ಮೊದಲು ಬದಿಗಿಡಿ. ನೆತ್ತಿಯ ಆ ಲೇಪ ಗೆಟರ್‌ನ, ಅಂದರೆ ಒಳಗೆ ಉಳಿದ ಅನಿಲವನ್ನು ಹೀರುವ ಭಾಗದ, ಬೇರಿಯಂ. ಅದು ಬೆಳ್ಳಗಾಗಿದೆಯೆಂದರೆ ಒಳಗೆ ಗಾಳಿ ನುಗ್ಗಿದೆ, ಅದಕ್ಕೆ ಮದ್ದಿಲ್ಲ.

ಗಾಜಿನ ಮೇಲೆ ಅಚ್ಚಾದ ಹೆಸರಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಮುಲ್ಲಾರ್ಡ್‌ನ ಆ ಶಾಯಿ ಬೆರಳಿನಿಂದ ಉಜ್ಜಿದರೂ ಅಳಿಸಿಹೋಗುವಂಥದ್ದು, ಮತ್ತೆ ಅಚ್ಚು ಹಾಕುವುದೂ ಸುಲಭ. ಅಲ್ಲದೆ ಆ ಕಾಲದ ಕಂಪನಿಗಳು ಒಬ್ಬರ ಕಾರ್ಖಾನೆಯ ಮಾಲನ್ನು ಇನ್ನೊಬ್ಬರ ಹೆಸರಿನಲ್ಲಿ ಮಾರುವುದು ಮಾಮೂಲಾಗಿತ್ತು. ಬುಡದ ಬೂದು ಸಂಕೇತವನ್ನು ಹುಟ್ಟಿಸುವುದು ಅಷ್ಟು ಸುಲಭವಲ್ಲ. ನೀವು ಕೊಟ್ಟಿರುವುದರಲ್ಲಿ ‘ಐ6’ ಇಸಿಸಿ83ರ ಗುರುತು, ‘3’ ವಿನ್ಯಾಸದ ಪರಿಷ್ಕರಣೆ. ಎರಡನೆಯ ಸಾಲಿನ ‘ಬಿ’ ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ಕಾರ್ಖಾನೆ, ‘4’ ವರ್ಷದ ಕೊನೆಯ ಅಂಕಿ, ‘ಕೆ’ ನವೆಂಬರ್ ತಿಂಗಳು, ಕೊನೆಯ ‘2’ ಎರಡನೆಯ ವಾರ. ದಶಕ ಯಾವುದೆಂಬುದನ್ನು ಆ ಒಂದೇ ಅಂಕಿ ಹೇಳುವುದಿಲ್ಲ. ಉದ್ದ ಪ್ಲೇಟಿನ (ಎಲೆಕ್ಟ್ರಾನ್ ಸೇರುವ ಒಳಗಿನ ಲೋಹದ ತಗಡು ಉದ್ದವಾಗಿರುವ) ಇನ್ನೂ ಹಳೆಯ ಮುಲ್ಲಾರ್ಡ್‌ಗಳಲ್ಲಿ ‘ಐ6’ರ ಜಾಗದಲ್ಲಿ ‘ಎಂಸಿ1’ ಎಂದಿರುತ್ತದೆ. ಸಂಗ್ರಾಹಕರು ಮುಗಿಬೀಳುವುದು ಅಂಥವುಗಳಿಗೆ.

ಉಳಿದವುಗಳ ಬುಡಕ್ಕೆ ಬಾಯಿಯ ಹಬೆ ಊದಿ, ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಮಾಸಿದ ಸಂಕೇತ ಕೆಲವೊಮ್ಮೆ ಹಾಗೆ ಮೂಡುತ್ತದೆ. ಆದರೆ ನೀರಿನಿಂದ ತೊಳೆಯಬೇಡಿ. ಆಗಲೂ ಏನೂ ಕಾಣದಿದ್ದರೆ ಅವನ್ನು ಹೆಸರಿಲ್ಲದ ವಾಲ್ವ್‌ಗಳೆಂದೇ ಎಣಿಸಿ. ಈಗ ಹೊಸ ಪೆಟ್ಟಿಗೆಯಲ್ಲಿ ಬರುವ ‘ಮುಲ್ಲಾರ್ಡ್’ ತಯಾರಾಗುವುದು ರಷ್ಯಾದ ಸರಾಟೊವ್‌ನಲ್ಲಿ; ಬ್ಲ್ಯಾಕ್‌ಬರ್ನ್‌ಗೂ ಅದಕ್ಕೂ ಸಂಬಂಧವಿಲ್ಲ.

ಉತ್ತರ (ಬೆಸುಗೆಮೇಜು)

ಮೇಲಿನವರು ಹೇಳಿದ್ದು ಸರಿ. ಆದರೆ ಸಂಕೇತ ವಾಲ್ವ್‌ನ ಹುಟ್ಟೂರನ್ನು ಹೇಳುತ್ತದೆಯೇ ಹೊರತು ಆರೋಗ್ಯವನ್ನಲ್ಲ. ಅಂಗಡಿಯಲ್ಲೇ ಮಲ್ಟಿಮೀಟರ್‌ನಿಂದ 4 ಮತ್ತು 5ನೆಯ ಪಿನ್‌ಗಳನ್ನು ಒಂದೊಂದಾಗಿ 9ನೆಯ ಪಿನ್ನಿನ ಜೊತೆ ನೋಡಿ. ಯಾವುದಾದರೂ ಕಡೆ ಕಂಟಿನ್ಯುಯಿಟಿ (ವಿದ್ಯುತ್ ಹರಿಯುವ ಹಾದಿ) ಇಲ್ಲದಿದ್ದರೆ ಹೀಟರ್, ಅಂದರೆ ವಾಲ್ವ್ ಬಿಸಿ ಮಾಡುವ ಒಳತಂತಿ, ಕಡಿದಿದೆ. ಆಮೇಲೆ ಬೇಕಾದದ್ದು ಆವೊ ಕಂಪನಿಯದರಂಥ, ಟ್ರಾನ್ಸ್‌ಕಂಡಕ್ಟನ್ಸ್ (ಗ್ರಿಡ್‌ನ ವೋಲ್ಟೇಜ್ ಬದಲಾದಾಗ ಪ್ಲೇಟಿನ ಕರೆಂಟ್ ಎಷ್ಟು ಬದಲಾಗುತ್ತದೆಂಬುದು) ಅಳೆಯುವ ಟೆಸ್ಟರ್. ಗ್ರಿಡ್ ಎಂದರೆ ಸಿಗ್ನಲ್ ಸೇರುವ ಒಳಜಾಲರಿ. ಬರೀ ಎಮಿಷನ್ (ಎಲೆಕ್ಟ್ರಾನ್ ಹೊಮ್ಮುವ ಪ್ರಮಾಣ) ತೋರಿಸುವ ಪೆಟ್ಟಿಗೆಯ ಮುಳ್ಳು ಹಸಿರು ಭಾಗದಲ್ಲಿ ನಿಂತ ಮಾತ್ರಕ್ಕೆ ಖರೀದಿಸಬೇಡಿ. ಪ್ಲೇಟಿಗೆ 250 ವೋಲ್ಟ್, ಗ್ರಿಡ್‌ಗೆ ಮೈನಸ್ 2 ವೋಲ್ಟ್ ಕೊಟ್ಟಾಗ ಇಸಿಸಿ83ರ ಪ್ರತಿ ಅರ್ಧದಲ್ಲೂ ಸುಮಾರು 1.2 ಮಿಲಿಆಂಪಿಯರ್ ಹರಿಯಬೇಕು, ಟ್ರಾನ್ಸ್‌ಕಂಡಕ್ಟನ್ಸ್ ವೋಲ್ಟಿಗೆ 1.6 ಮಿಲಿಆಂಪಿಯರ್‌ನ ಆಸುಪಾಸು ಇರಬೇಕು. ಎರಡು ಅರ್ಧಗಳ ನಡುವೆ ಹೆಚ್ಚು ಅಂತರವಿದ್ದರೆ ಎಡ ಬಲ ಸ್ಪೀಕರ್‌ಗಳ ಧ್ವನಿಯೂ ಏರುಪೇರಾಗಬಹುದು.

ಫೋನೊಗೆ ಇಷ್ಟೂ ಸಾಲದು. ಸಿಗ್ನಲ್ ಅತಿ ಸಣ್ಣದಾದ್ದರಿಂದ ಟೆಸ್ಟರ್‌ನಲ್ಲಿ ಗೆದ್ದ ವಾಲ್ವ್ ಅಲ್ಲಿ ಸುಯ್ಯೆನ್ನಬಹುದು, ಗುಂಯ್‌ಗುಡಬಹುದು. ವಾಲ್ಯೂಮ್ ತಗ್ಗಿಸಿಟ್ಟುಕೊಂಡು ಗಾಜನ್ನು ಪೆನ್ಸಿಲ್ಲಿನ ರಬ್ಬರ್ ತುದಿಯಿಂದ ಮೆಲ್ಲಗೆ ತಟ್ಟಿ. ಸ್ಪೀಕರ್‌ನಲ್ಲಿ ಗಂಟೆಯಂಥ ಸದ್ದು ಎಳೆದುಕೊಂಡು ಕೇಳಿಸಿದರೆ ಅದು ಮೈಕ್ರೊಫೋನಿಕ್ ಆಗಿದೆ, ಅಂದರೆ ಅಲುಗಾಟವನ್ನೂ ಸದ್ದಾಗಿಸುತ್ತದೆ. ಎಷ್ಟೇ ಅಪರೂಪದ್ದಾದರೂ ಫೋನೊಗೆ ಬೇಡ.

ಉತ್ತರ (ಜಾಲಹಳ್ಳಿಯವ)

ಬಿಇಎಲ್‌ಗಳನ್ನು ಯಾರೂ ಗಮನಿಸಲಿಲ್ಲವಲ್ಲ! 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೊ ವಾಲ್ವ್‌ಗಳ ತಯಾರಿಕೆ ಆರಂಭಿಸಿತು. ಸಂಗ್ರಾಹಕರ ಸಂತೆಯಲ್ಲಿ ಮುಲ್ಲಾರ್ಡ್‌ನ ಬೆಲೆ ಇವಕ್ಕೆ ಬಾರದು ನಿಜ, ಆದರೆ ಕೇಳುವ ಕಿವಿಗೆ ಅದು ಲಾಭವೇ. ಅಳತೆಯಲ್ಲಿಯೂ ತಟ್ಟುವ ಪರೀಕ್ಷೆಯಲ್ಲಿಯೂ ಗೆದ್ದ ಬಿಇಎಲ್ ಜೋಡಿಯನ್ನು, ಸಂಕೇತವೂ ಅಳತೆಯೂ ಇಲ್ಲದ ಮುಲ್ಲಾರ್ಡ್‌ಗಿಂತ ಮೇಲಿನದೆಂದೇ ನಾನು ಎಣಿಸುತ್ತೇನೆ.

ಮಿಕ್ಕ ಮೂರು ನಿಮ್ಮ ಪ್ರಿಆಂಪ್‌ಗೆ ಉಪಯೋಗವಿಲ್ಲ. ಇಸಿಎಚ್81 ಮತ್ತು ಇಎಫ್89 ರೇಡಿಯೊದಲ್ಲಿ ನಿಲ್ದಾಣದ ತರಂಗವನ್ನು ಹಿಡಿಯುವ ಭಾಗಕ್ಕೆ ಸೇರಿದವು. ಹೆಸರು ‘ಯು’ ಎಂದು ಆರಂಭವಾಗುವ ಯುಸಿಎಲ್82ರ ಹೀಟರ್ ‘ಇ’ ಹೆಸರಿನವುಗಳಂತೆ 6.3 ವೋಲ್ಟಿನದಲ್ಲ, ಬೇರೆ ವಾಲ್ವ್‌ಗಳ ಹೀಟರ್‌ಗಳ ಜೊತೆ ಸರಣಿಯಲ್ಲಿ ಜೋಡಿಸಿದಾಗ 100 ಮಿಲಿಆಂಪಿಯರ್ ಹರಿಯುವಂಥದ್ದು. ಹಳೆಯ ಸೆಟ್ ದುರಸ್ತಿ ಮಾಡುವವರಿಗೆ ಅವು ಬೇಕಾಗುತ್ತವೆ. ಆದ್ದರಿಂದ ಇಡೀ ಪೆಟ್ಟಿಗೆಗೆ ಒಂದೇ ಬೆಲೆ ಮಾತಾಡಿ. ಅದರಲ್ಲಿ ಸಂಕೇತವಿರುವ ಒಂದಕ್ಕೆ ಮಾತ್ರ ಮುಲ್ಲಾರ್ಡ್ ದರ ಹಿಡಿಯಿರಿ, ಅದೂ ಅಳತೆ ಸರಿಬಾರದಿದ್ದರೆ ಹಿಂದಿರುಗಿಸುವ ಷರತ್ತಿನ ಮೇಲೆ.