ಪದಚರ್ಚೆ: ಕಣಜವೋ ಕಡಜವೋ? ಗೂಡೋ ಹುಟ್ಟೋ? ಕೀಳುವುದೋ ಸುಡುವುದೋ?

ಪ್ರಶ್ನೆ

ಬಳಗದ ಹಿರಿಯರಿಗೆ ನಮಸ್ಕಾರ. ತೀರ್ಥಹಳ್ಳಿ, ಹೊಸನಗರ ಕಡೆಯ ಮನೆಗಳಿಗೆ ಹಂಚಲು ಒಂದು ಪುಟದ ಎಚ್ಚರಿಕೆಯ ಕರಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇವೆ. ಮೂಲದಲ್ಲಿ ವಾಸ್ಪ್, ಹಾರ್ನೆಟ್, ಮಡ್ ಡಾಬರ್ ಎಂದು ಮೂರು ಹೆಸರುಗಳಿವೆ. ಮೂರಕ್ಕೂ ‘ಕಣಜ’ ಎಂದೇ ಬರೆದಿದ್ದೇವೆ, ಆದರೆ ಸಮಾಧಾನವಿಲ್ಲ. ‘ನೆಸ್ಟ್’ಗೆ ಗೂಡು ಸರಿಯೋ, ಹುಟ್ಟು ಸರಿಯೋ? ‘ಸ್ಟಿಂಗ್’ಗೆ ಕಚ್ಚು, ಕುಟುಕು, ಕಡಿ ಇವುಗಳಲ್ಲಿ ಯಾವುದು? ‘ರಿಮೂವ್’ ಅನ್ನುವುದನ್ನು ಊರವರ ಮಾತಿನಲ್ಲಿ ಹೇಗೆ ಹೇಳಬೇಕು?

ಉತ್ತರ 1

ಒಳ್ಳೆಯ ಪ್ರಶ್ನೆ. ಇಲ್ಲಿ ಪದ ತಪ್ಪಿದರೆ ಓದಿದವರು ತಪ್ಪು ಹುಳಕ್ಕೆ ತಪ್ಪು ಕೆಲಸ ಮಾಡಿಬಿಡುತ್ತಾರೆ.

ಕಡಜ, ಕಣಜ ಎರಡೂ ಕನ್ನಡವೇ. ಮಲಯಾಳದ ‘ಕಡನ್ನಲ್’ ಪಕ್ಕದಲ್ಲಿಟ್ಟು ನೋಡಿದರೆ ಕಡಜವೇ ಹಳೆಯ ರೂಪವಿರಬೇಕು ಅನ್ನಿಸುತ್ತದೆ. ಆದರೆ ಮಲೆನಾಡಿನ ಕಿವಿಗೆ ಪರಿಚಿತವಾದದ್ದು ಕಣಜ, ಅದನ್ನೇ ಇಟ್ಟುಕೊಳ್ಳಿ. ಭತ್ತ ತುಂಬಿಡುವ ಕಣಜವೂ ಇರುವುದರಿಂದ ತಲೆಬರಹದಲ್ಲಿ ಮಾತ್ರ ‘ಕಣಜದ ಹುಳ’ ಎಂದು ಬಿಡಿಸಿ ಬರೆಯಿರಿ. ‘ಕಣಜ ಖಾಲಿ ಮಾಡುವ ವಿಧಾನ’ ಎಂದರೆ ಬೇರೆಯೇ ಅರ್ಥ ಬರುತ್ತದೆ.

ಮೂರು ಹೆಸರಿಗೆ ಮೂರು ಪದ ಬೇಕೇ ಬೇಕು. ಸೂರಿನಡಿ, ಕಿಟಕಿ ಮೂಲೆಯಲ್ಲಿ ಸಣ್ಣ ತೊಟ್ಟಿನಿಂದ ಇಳಿಬಿದ್ದು, ಕೋಣೆಗಳೆಲ್ಲ ಕೆಳಗಿನಿಂದ ಬರಿಗಣ್ಣಿಗೆ ಕಾಣುವಂತಿದ್ದರೆ ಅದು ‘ಸೂರುಗಣಜ’ ಎನ್ನಬಹುದಾದ ಸಣ್ಣ ಜಾತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ್ ದಶಕಗಳ ಕಾಲ ಅಧ್ಯಯನ ಮಾಡಿದ ರೋಪಾಲಿಡಿಯಾ ಮಾರ್ಜಿನಾಟಾ ಈ ಗುಂಪಿನದು. ಗೂಡಿನಲ್ಲಿ ಹೆಚ್ಚಾಗಿ ಕೆಲವು ಹತ್ತು ಹುಳಗಳಿರುತ್ತವೆ.

ಕಾಗದದಂಥ ಹೊದಿಕೆ ಸುತ್ತಿಕೊಂಡು, ಒಳಗಿನ ಕೋಣೆ ಕಾಣದೆ, ಒಂದೇ ಬಾಯಿ ಇದ್ದರೆ ಅದು ಹಾರ್ನೆಟ್. ಹುಳ ದಪ್ಪ, ಹೊಟ್ಟೆಯ ಮೇಲೆ ಅಗಲವಾದ ಹಳದಿ ಪಟ್ಟೆ. ಹೆಜ್ಜೇನಿನ ಹಾಗೆ ‘ಹೆಗ್ಗಣಜ’ ಎಂದು ಕಟ್ಟುವ ಆಸೆಯಾಗುತ್ತದೆ. ಬೇಡ, ಗಟ್ಟಿಯಾಗಿ ಓದಿದಾಗ ಕೇಳಿದವರಿಗೆ ಹೆಗ್ಗಣ ನೆನಪಾಗುತ್ತದೆ. ‘ದೊಡ್ಡ ಕಣಜ’ ಸಾಕು. ಇದು ಪೊದೆ, ಮರ, ಅಟ್ಟ, ಟೊಳ್ಳು ಗೋಡೆ, ನೆಲದ ಬಿಲದಲ್ಲೂ ಇರಬಹುದು. ಇದನ್ನು ಮನೆಯವರೇ ತೆಗೆಯಬಾರದು ಎಂಬ ವಾಕ್ಯ ದಪ್ಪ ಅಕ್ಷರದಲ್ಲಿರಲಿ.

ಮಡ್ ಡಾಬರ್‌ಗೆ ‘ಕುಂಬಾರ ಹುಳ’. ಗೋಡೆಗೆ ಮಣ್ಣು ಮೆತ್ತಿ, ಒಳಗೆ ಮರಿಗಾಗಿ ಜೇಡಗಳನ್ನು ತುಂಬಿಡುವ ಒಂಟಿ ಹುಳ ಇದು. ಗೂಡು ಕಾಯಲು ಮೇಲೆ ಬೀಳುವುದಿಲ್ಲ. ಚಾಕುವಿನಿಂದ ಕೆರೆದು ತೆಗೆದರಾಯಿತು, ಮದ್ದು ಹೊಡೆಯುವ ಅಗತ್ಯವಿಲ್ಲ. ಇದನ್ನೂ ಕಣಜ ಎಂದು ಬರೆದರೆ ನಿರಪಾಯದ ಮಣ್ಣುಗೂಡಿಗೂ ವಿಷ ಸುರಿಯುತ್ತಾರೆ.

‘ಹುಟ್ಟು’ ಜೇನಿಗೇ ಇರಲಿ. ಕಣಜದಲ್ಲಿ ಮೇಣವಿಲ್ಲ, ಕೂಡಿಟ್ಟ ತುಪ್ಪವಿಲ್ಲ. ಮರದ ನಾರನ್ನು ಜಗಿದು ಎಂಜಲಲ್ಲಿ ಕಲಸಿ ಕಟ್ಟಿದ್ದು ಅದು. ಹುಟ್ಟು ಎಂದರೆ ಹೊಗೆ ಹಾಕಿ ಇಳಿಸುವ ಯೋಚನೆ ಬರುತ್ತದೆ. ‘ಗೂಡು’ ಎಂದೇ ಬರೆಯಿರಿ.

‘ಸ್ಟಿಂಗ್’ಗೆ ಕಚ್ಚು ಎಂಬ ಆಡುಮಾತೇ ನಡೆಯುತ್ತದೆ. ತೊಂದರೆ ಇರುವುದು ‘ಮುಳ್ಳು ಕೀಳಿ’ ಎಂಬ ಸಾಲಿನಲ್ಲಿ. ಜೇನಿನ ಮುಳ್ಳಿಗೆ ಕೊಕ್ಕೆಗಳಿರುವುದರಿಂದ ಅದು ಚರ್ಮದಲ್ಲೇ ಉಳಿಯುತ್ತದೆ, ಕೂಡಲೇ ತೆಗೆಯಬೇಕು. ಕಣಜದ ಮುಳ್ಳು ಸಾಮಾನ್ಯವಾಗಿ ಉಳಿಯುವುದಿಲ್ಲ, ಒಂದೇ ಹುಳ ಮತ್ತೆ ಮತ್ತೆ ಚುಚ್ಚುತ್ತದೆ. ಆದ್ದರಿಂದ ಕಣಜದ ಕರಪತ್ರದಲ್ಲಿ ಮೊದಲ ಸಾಲು ‘ಅಲ್ಲಿಂದ ದೂರ ಓಡಿ, ಬಾಗಿಲು ಹಾಕಿಕೊಳ್ಳಿ’ ಎಂದಿರಬೇಕು. ಜಜ್ಜಿದ ಹುಳದ ವಾಸನೆಗೆ ಉಳಿದವು ಇನ್ನಷ್ಟು ಕೆರಳಬಹುದು, ನಿಂತು ಹೊಡೆಯುವುದು ಬೇಡ. ಸುಣ್ಣ ಹಚ್ಚುವ ರೂಢಿಯ ಬಗ್ಗೆಯೂ ಒಂದು ಸಾಲು ಹಾಕಿ: ವಿಷ ಚರ್ಮದೊಳಗೆ ಇಳಿದಿರುತ್ತದೆ, ಮೇಲಿನ ಸುಣ್ಣ ಅಲ್ಲಿಗೆ ಮುಟ್ಟುವುದಿಲ್ಲ. ಸೋಪು ನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಬೇಕು.

‘ಅಲರ್ಜಿ’ಗೆ ‘ನಂಜು’ ಬರೆಯಬೇಡಿ. ನಂಜು ಎಂದರೆ ವಿಷವೂ ಹೌದು, ಕೀವಾಗುವುದೂ ಹೌದು. ಲಕ್ಷಣಗಳನ್ನೇ ಹೇಳಿ: ಮೈತುಂಬ ಪಿತ್ತದ ಗಂಧೆ ಏಳುವುದು, ತುಟಿ ನಾಲಿಗೆ ಊದುವುದು, ಉಸಿರು ಕಟ್ಟುವುದು, ತಲೆ ಸುತ್ತಿ ಬೀಳುವುದು. ಒಂದೇ ಹುಳ ಕಚ್ಚಿದ್ದರೂ ಹೀಗಾಗಬಹುದು, ತಕ್ಷಣ 108ಕ್ಕೆ ಕರೆ ಮಾಡಬೇಕು. ಆಗ ಜೀವ ಉಳಿಸುವುದು ತೊಡೆಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ಹತ್ತಾರು ಹುಳ ಕಚ್ಚಿದವರು ಆರಾಮಾಗಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ಮೂತ್ರಪಿಂಡಕ್ಕೆ ಆಗುವ ಪೆಟ್ಟು ತಡವಾಗಿ ಗೊತ್ತಾಗುತ್ತದೆ. ಮೂತ್ರ ಕಡಿಮೆಯಾಗುವುದು, ಚಹಾ ಬಣ್ಣಕ್ಕೆ ತಿರುಗುವುದು ಅದರ ಗುರುತು.

ಇನ್ನು ‘ರಿಮೂವ್’. ಊರಲ್ಲಿ ಇದಕ್ಕೆ ‘ಕಣಜ ಸುಡುವುದು’ ಎಂಬ ಮಾತಿದೆ, ಅಪಾಯವೆಲ್ಲ ಆ ಕ್ರಿಯಾಪದದಲ್ಲೇ ಇದೆ. ಸೂಡಿ (ಉರಿಯುವ ಪಂಜು) ಹಿಡಿದರೆ ಗೂಡಿಗಿಂತ ಮೊದಲು ಜಂತಿ, ರೀಪು, ಅಡಿಕೆ ದಬ್ಬೆ ಹೊತ್ತಿಕೊಳ್ಳುತ್ತವೆ. ಏಣಿಯ ಮೇಲೆ ಬೆಂಕಿ ಹಿಡಿದು ನಿಂತವರಿಗೆ ಹುಳ ಮುತ್ತಿದರೆ ಇಳಿಯಲು ದಾರಿಯಿಲ್ಲ. ‘ಗೂಡು ತೆಗೆಯುವುದು’ ಎನ್ನಿ, ಅದೂ ಅಂಗೈಗಿಂತ ಚಿಕ್ಕದಾದ, ನೆಲದಲ್ಲಿ ನಿಂತೇ ಎಟುಕುವ ಸೂರುಗಣಜದ ಗೂಡಿಗೆ ಮಾತ್ರ. ಒಂದು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಪಾತ್ರೆ ತೊಳೆಯುವ ದ್ರವ ಬೆರೆಸಿ, ಜೋರಾಗಿ ಚಿಮ್ಮುವ ಸ್ಪ್ರೇ ಬಾಟಲಿಯಲ್ಲಿ ತುಂಬಿ, ಓರೆಯಾಗಿ ನಿಂತು ಇಡೀ ಗೂಡು ತೊಯ್ಯುವವರೆಗೆ ಹೊಡೆಯಬೇಕು. ಬರೀ ನೀರು ಹುಳದ ಮೈಮೇಲಿಂದ ಜಾರಿಹೋಗುತ್ತದೆ. ಸೋಪು ಬೆರೆತ ನೀರು ರೆಕ್ಕೆಗೆ ಅಂಟಿ, ಉಸಿರಾಡುವ ರಂಧ್ರಗಳಿಗೆ ಇಳಿಯುತ್ತದೆ. ತುಂಬುತೋಳು, ದಪ್ಪ ಪ್ಯಾಂಟು, ಕೈಗವಸು, ಮುಖಕ್ಕೆ ಬಲೆ ಇರಲಿ, ಪ್ಯಾಂಟಿನ ತುದಿ ಕಾಲುಚೀಲದೊಳಗೆ ಸೇರಿರಲಿ. ಮೊದಲು ಕಚ್ಚಿದಾಗ ಮೈ ಊದಿದವರು ಈ ಕೆಲಸಕ್ಕೆ ಇಳಿಯಲೇಬಾರದು.

ಮೂಲದ ‘ಈವ್ನಿಂಗ್’ಗೆ ‘ಸಂಜೆ’ ಹಾಕಿದ್ದೀರಾದರೆ ಬದಲಿಸಿ. ನಮ್ಮ ಸಂಜೆ ನಾಲ್ಕಕ್ಕೇ ಶುರು, ಆಗ ಅರ್ಧ ಹುಳ ಹೊರಗೇ ಇರುತ್ತವೆ. ‘ಪೂರ್ತಿ ಕತ್ತಲಾದ ಮೇಲೆ’ ಎಂದು ಬರೆಯಿರಿ. ‘ಟಾರ್ಚ್’ ಎಂದರೆ ಸೂಡಿ ಎಂದುಕೊಳ್ಳುವವರಿದ್ದಾರೆ, ‘ಬ್ಯಾಟರಿ’ ಎನ್ನಿ. ಅದರ ಗಾಜಿಗೆ ಕೆಂಪು ಜಿಲೇಟಿನ್ ಕಾಗದ ಕಟ್ಟಬೇಕು, ಏಕೆಂದರೆ ಕೆಂಪು ಬೆಳಕು ಕಣಜಕ್ಕೆ ಸರಿಯಾಗಿ ಕಾಣದು. ಬಿಳಿ ಬೆಳಕಾದರೆ ನೇರ ಅದರ ಕಡೆಗೇ ಹಾರಿಬರುತ್ತವೆ.

ಉತ್ತರ 2

ಮೇಲಿನದಕ್ಕೆ ಒಂದು ಸೇರ್ಪಡೆ. ಇಂಥ ಕರಪತ್ರಗಳಲ್ಲಿ ‘ಕಿಂಡಿ ಮುಚ್ಚಿ’ ಎಂಬ ಸಾಲು ಬರುತ್ತದೆ. ಯಾವ ಕಿಂಡಿ, ಯಾವಾಗ ಎಂದು ಹೇಳಲೇಬೇಕು. ಹುಳ ಜೀವಂತ ಇರುವಾಗ ಅಟ್ಟದ ಅಥವಾ ಗೋಡೆಯ ಕಿಂಡಿಗೆ ಸಿಮೆಂಟು ಮೆತ್ತಿದರೆ ಒಳಗಿನವು ಬೇರೆ ದಾರಿ ಕೊರೆದು ಮನೆಯೊಳಕ್ಕೇ ಬರುತ್ತವೆ. ಗೂಡು ತೆಗೆಸಿ, ನಾಲ್ಕೈದು ದಿನ ಒಂದು ಹುಳವೂ ಓಡಾಡದ್ದನ್ನು ನೋಡಿದ ಮೇಲೆ ಮುಚ್ಚಬೇಕು. ನನ್ನ ಸಲಹೆ: ಹುಳದ ದಾರಿಗೆ ‘ಗೂಡಿನ ಬಾಯಿ’, ಮನೆಯದಕ್ಕೆ ‘ಗೋಡೆಯ ಸಂದು’ ಎಂದು ಬೇರೆ ಬೇರೆ ಪದ ಬಳಸಿ, ಕಿಂಡಿ ಎಂಬುದನ್ನು ಪೂರ್ತಿ ಬಿಟ್ಟುಬಿಡಿ.