ಆಗುಂಬೆ ಮಳೆಕಾಡಿನ ಫೋಟೊಗ್ರಫಿ ಪ್ರವಾಸ: ಸಲಹೆ ಬೇಕು

ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿಯವನು. ಇಷ್ಟು ದಿನ ಕ್ಯಾಮೆರಾ ಹಿಡಿದು ಸುತ್ತಿದ್ದೆಲ್ಲ ದರೋಜಿ ಕರಡಿಧಾಮ, ಸಂಡೂರು ಗುಡ್ಡ, ತುಂಗಭದ್ರಾ ಹಿನ್ನೀರು, ಅಷ್ಟೇ. ಜುಲೈನಲ್ಲಿ ಗೈಡ್ ಜೊತೆ ಆಗುಂಬೆಗೆ ಹೋಗಬೇಕೆಂದಿದ್ದೇನೆ. ಮರಗಪ್ಪೆ, ಮಲಬಾರ್ ಗುಳಿಮಂಡಲ ಹಾವು, ಕತ್ತಲಲ್ಲಿ ಹಸಿರಾಗಿ ಹೊಳೆಯುವ ಶಿಲೀಂಧ್ರ ಇವುಗಳ ಫೋಟೊ ತೆಗೆಯುವ ಆಸೆ.

ತೊಂದರೆ ಏನಂದ್ರೆ, ನನ್ನ ಅಭ್ಯಾಸವೆಲ್ಲ ಬಿಸಿಲಿನದು. ನಮ್ಮಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 500 ಮಿ.ಮೀ. ಅಲ್ಲಿ ಅದು 7,000 ದಾಟುತ್ತದೆ! ದರೋಜಿಯಲ್ಲಿ ಕರಡಿ ದೂರ, ಬೆಳಕು ಜಾಸ್ತಿ. ಮಳೆಕಾಡಲ್ಲಿ ಕಪ್ಪೆ ಹತ್ತಿರ, ಬೆಳಕೇ ಇಲ್ಲ. ದೂರದ್ದನ್ನು ಹತ್ತಿರ ತೋರಿಸುವ ನನ್ನ 150-600 ಎಂಎಂ ಲೆನ್ಸ್ ಅಲ್ಲಿ ಸುಮ್ನೆ ಭಾರ ಅಲ್ವಾ? ಸಣ್ಣ ಜೀವಿಗಳನ್ನು ಹತ್ತಿರದಿಂದ ತೆಗೆಯುವ 100 ಎಂಎಂ ಮ್ಯಾಕ್ರೊ ಲೆನ್ಸ್ ಬಾಡಿಗೆಗೆ ತಂದು, ಫ್ಲ್ಯಾಷ್‌ಗೆ ಡಿಫ್ಯೂಸರ್ (ಬೆಳಕು ಮೃದು ಮಾಡುವ ಪರದೆ) ಹಾಕಿದರೆ ಸಾಕಾ? ಅಥವಾ ಅಗಲ ಕೋನದ ಲೆನ್ಸ್ ಕೂಡ ಬೇಕಾ?

ತೇವಕ್ಕೆ ಲೆನ್ಸ್ ಒಳಗೆ ಫಂಗಸ್ ಬರುತ್ತದೆ ಅಂತಾರೆ. ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿ ಒಯ್ಯುತ್ತೇನೆ. ಸತತ ಮಳೆಯಲ್ಲಿ ಅದು ಸಾಲುತ್ತದಾ? ಇಂಬಳಕ್ಕೆ (ಕಾಡಿನ ಜಿಗಣೆ) ಮೊಣಕಾಲಿನವರೆಗಿನ ಒತ್ತು ನೇಯ್ಗೆಯ ಕಾಲುಚೀಲ ಸಾಕು ಅಂತ ಕೇಳಿದ್ದೇನೆ, ಅದರ ಚಿಂತೆ ಇಲ್ಲ.

ಮುಖ್ಯವಾಗಿ ಬೇಕಿರುವುದು ಒಳ್ಳೆಯ ಗೈಡ್. ಹಾವನ್ನು ಕೋಲಿಂದ ಎತ್ತಿ ಚಂದದ ಎಲೆ ಮೇಲೆ ಕೂರಿಸಿ ಫೋಟೊ ತೆಗೆಸುವವರು ಖಂಡಿತ ಬೇಡ. ಹಾವು ಸಿಗದಿದ್ದರೂ ಪರವಾಗಿಲ್ಲ, ಕಾಡನ್ನು ಕಲಿಸುವವರು ಬೇಕು. ಗುಂಪಲ್ಲಿ ಐದಾರು ಜನಕ್ಕಿಂತ ಹೆಚ್ಚು ಇರಬಾರದು. ರಾತ್ರಿ ನಡಿಗೆಗೆ ಅರಣ್ಯ ಇಲಾಖೆ ಅನುಮತಿಯನ್ನು ಅವರೇ ತೆಗೆದುಕೊಳ್ಳುತ್ತಾರಾ, ನಾವೇ ಕೇಳಬೇಕಾ?

ಬಳ್ಳಾರಿ, ಕೊಪ್ಪಳ ಕಡೆಯಿಂದ ಯಾರಾದರೂ ಬರುವುದಿದ್ದರೆ ಶಿವಮೊಗ್ಗದವರೆಗೆ ಕಾರು ಖರ್ಚು ಹಂಚಿಕೊಳ್ಳಬಹುದು. ಜೂನ್ ಮೊದಲ ವಾರ ಮುಂಗಡ ಕಟ್ಟಬೇಕು, ಅಷ್ಟರೊಳಗೆ ತಿಳಿಸಿ.